ಹರೆಯದ ಮನಸ್ಸನ್ನು ಅರಿತ ಎರಿಕ್ ಎರಿಕ್ಸನ್

ನಮ್ಮ ಸೀಮೆಯಲ್ಲಿ ಅಪರಿಚಿತನೊಬ್ಬನು ಎದುರಾದರೆ ಹಿರಿಯರು ಮೊದಲು ವಿಚಾರಿಸುವುದು ಅವನ ಹೆಸರನ್ನಲ್ಲ. ಯಾವ ಊರು, ಯಾರ ಮಗ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅವರಿಗೆ ಆ ಮನುಷ್ಯನ ಪರಿಚಯವಾದಂತೆಯೇ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಬಸ್ ನಿಲ್ದಾಣದಲ್ಲಿ ಕುಳಿತರೂ ಈ ಪ್ರಶ್ನೆಗಳು ಕಿವಿಗೆ ಬೀಳುತ್ತವೆ. ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳಿಗೆ ಅಂಟಿಕೊಂಡಿರುವ ಇನಿಷಿಯಲ್ಲುಗಳೂ ಅವಕ್ಕೆ ಕೊಟ್ಟ ಸಂಕ್ಷಿಪ್ತ ಉತ್ತರಗಳೇ: ಒಂದಕ್ಷರ ಊರಿನದು, ಇನ್ನೊಂದಕ್ಷರ ತಂದೆಯದು. ತಾನು ಯಾರು ಎಂಬುದನ್ನು ಹುಟ್ಟಿನೊಡನೆಯೇ ಪಡೆದು ಬಂದವರು ನಾವು.

ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ನೆಟ್ಟಗೆ ಉತ್ತರ ಹೇಳಲಾರದ ಹುಡುಗನೊಬ್ಬನು ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಬೆಳೆದನು. ತನ್ನನ್ನು ಹೆತ್ತ ತಂದೆ ಯಾರೆಂಬುದು ಅವನಿಗೆ ಜೀವಮಾನ ಪರ್ಯಂತ ತಿಳಿಯಲಿಲ್ಲ. ತಾನು ಯಾವ ದೇಶದವನು, ಯಾವ ಮತದವನು ಎಂಬುದೂ ಅವನಿಗೆ ಸ್ಪಷ್ಟವಿರಲಿಲ್ಲ. ಯಾವ ಪದವಿ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗದ ಆ ಹುಡುಗನೇ ಮುಂದೆ ತಾರುಣ್ಯದ ಮನಸ್ಸನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಚರ್ಚಿತವಾದ ಸಿದ್ಧಾಂತವನ್ನು ಕೊಟ್ಟ ಎರಿಕ್ ಎರಿಕ್ಸನ್. ನಾನು ಓದುವ ಐಚ್ಛಿಕ ವಿಷಯಗಳಲ್ಲಿ ಮನಶ್ಶಾಸ್ತ್ರವಿಲ್ಲ. ಆದರೂ ಆತನ ಜೀವನವನ್ನು ಸಹಪಾಠಿಗಳ ಮುಂದಿಡಬೇಕೆಂದು ತೋರಿದ್ದಕ್ಕೆ ಒಂದು ಕಾರಣವಿದೆ. ಆ ಕಾರಣವು ಆತನ ಕಥೆಯನ್ನು ಹೇಳುತ್ತಾ ಹೋದಂತೆ ತಾನಾಗಿಯೇ ತಿಳಿಯುವುದೆಂದು ನಂಬಿದ್ದೇನೆ.

ಎರಿಕ್ ಹುಟ್ಟಿದ್ದು ೧೯೦೨ನೆಯ ಇಸವಿ ಜೂನ್ ೧೫ರಂದು, ಫ್ರಾಂಕ್‌ಫರ್ಟ್ ನಗರದ ಬಳಿ. ತಾಯಿ ಕಾರ್ಲಾ ಅಬ್ರಹಾಮ್‌ಸೆನ್ ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದ ಯಹೂದಿ ಮನೆತನದವರು. ಅವರ ಮೊದಲ ಪತಿ ಎರಿಕ್ ಹುಟ್ಟುವುದಕ್ಕೆ ಬಹಳ ಮುಂಚೆಯೇ ಅವರಿಂದ ದೂರವಾಗಿದ್ದನು. ಆದರೂ ಮಗುವಿಗೆ ಆ ಪತಿಯ ಮನೆತನದ ಹೆಸರಾದ ಸಾಲೊಮನ್‌ಸೆನ್ ಎಂಬುದೇ ಬಂತು. ಕಾರ್ಲಾ ಮಗುವನ್ನು ಕಟ್ಟಿಕೊಂಡು ಕಾರ್ಲ್ಸ್‌ರೂಹೆ ಎಂಬ ಊರಿಗೆ ಬಂದರು. ಅಲ್ಲಿ ಮಗುವಿಗೆ ಔಷಧೋಪಚಾರ ಮಾಡುತ್ತಿದ್ದ ಮಕ್ಕಳ ವೈದ್ಯ ಥಿಯೋಡೋರ್ ಹೋಂಬರ್ಗರ್ ಎಂಬಾತನನ್ನು ೧೯೦೫ರಲ್ಲಿ, ಎರಿಕನ ಮೂರನೆಯ ಹುಟ್ಟುಹಬ್ಬದ ದಿನವೇ, ಮದುವೆಯಾದರು. ವೈದ್ಯನು ಸಜ್ಜನ. ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಹೆಸರನ್ನೂ ಕೊಟ್ಟನು. ಆದರೆ ಈತನೇ ನಿನ್ನನ್ನು ಹೆತ್ತ ತಂದೆಯೆಂದು ಮನೆಯವರು ಹುಡುಗನಿಗೆ ಹೇಳಿದರು. ಮುಚ್ಚಿಟ್ಟ ಮಾತು ಮಕ್ಕಳ ಮನಸ್ಸಿಗೆ ಹೇಗೋ ತಟ್ಟಿಯೇ ತಟ್ಟುತ್ತದೆ. ಎರಿಕನಿಗೂ ಏನೋ ಸರಿಯಿಲ್ಲವೆಂಬ ಶಂಕೆ ಚಿಕ್ಕಂದಿನಿಂದಲೇ ಇತ್ತು.

ಆ ಶಂಕೆಯನ್ನು ಅವನ ರೂಪವೇ ಬೆಳೆಸಿತು. ತಂದೆತಾಯಿಗಳು ಕಪ್ಪು ಕೂದಲಿನವರು. ಹುಡುಗನಾದರೋ ಎತ್ತರದ ಆಳು, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಯಹೂದಿಗಳ ಮಂದಿರದಲ್ಲಿ ಜೊತೆಯ ಮಕ್ಕಳು ಇವನನ್ನು ಹೊರಗಿನವನೆಂದು ಹಾಸ್ಯ ಮಾಡುತ್ತಿದ್ದರು. ಶಾಲೆಗೆ ಹೋದರೆ ಅಲ್ಲಿಯ ಜರ್ಮನ್ ಹುಡುಗರು ಯಹೂದಿಯೆಂದು ಹಂಗಿಸುತ್ತಿದ್ದರು. ಅತ್ತಲೂ ಸಲ್ಲದೆ ಇತ್ತಲೂ ಸಲ್ಲದೆ ಬೆಳೆದ ಈತನು ಪಾಠಗಳಲ್ಲಿಯೂ ಮುಂದಿರಲಿಲ್ಲ. ಪ್ರೌಢಶಾಲೆಯನ್ನು ಹೇಗೋ ಮುಗಿಸಿದನು. ಮಗನು ತನ್ನಂತೆ ವೈದ್ಯನಾಗಲೆಂದು ಸಾಕುತಂದೆಯ ಅಪೇಕ್ಷೆ. ಮಗನು ಮಾತ್ರ ಒಂದು ಚೀಲವನ್ನು ಹೆಗಲಿಗೇರಿಸಿ ಮನೆಬಿಟ್ಟು ಹೊರಟನು.

ಮುಂದಿನ ಕೆಲವು ವರ್ಷಗಳನ್ನು ಅಲೆದಾಟದ ವರ್ಷಗಳೆಂದೇ ಹೇಳಬೇಕು. ಕಾಡುಮೇಡುಗಳಲ್ಲಿ, ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆತನು ಚಿತ್ರ ಬರೆಯುತ್ತಾ ತಿರುಗಿದನು. ನಡುವೆ ಚಿತ್ರಕಲಾ ಶಾಲೆಗಳನ್ನು ಸೇರಿದ್ದೂ ಉಂಟು, ಬಿಟ್ಟದ್ದೂ ಉಂಟು. ಕೆಲವು ದಿನ ಉತ್ಸಾಹ, ಕೆಲವು ದಿನ ಏನನ್ನೂ ಮಾಡಲಾರದ ಮಂಕು. ನಮ್ಮ ಊರಿನಲ್ಲಿ ಆಗಿದ್ದರೆ ಇಂಥವನನ್ನು ಉಂಡಾಡಿಯೆಂದು ಕರೆದು ಸುಮ್ಮನಾಗುತ್ತಿದ್ದರು. ಮುಂದೆ ದೊಡ್ಡವರಾದ ಮೇಲೆ ಎರಿಕ್ಸನ್ನರು ಈ ಕಾಲವನ್ನು ನೆನೆದು, ಆಗ ತಮ್ಮ ಮನಸ್ಸು ರೋಗದ ಅಂಚಿನವರೆಗೂ ಹೋಗಿತ್ತೆಂಬುದನ್ನು ಮರೆಮಾಚಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನೆನೆಯಬಹುದು. ಹೀಗೆ ಆತನು ಅಲೆಯುತ್ತಿದ್ದ ದಿನಗಳಲ್ಲಿಯೇ, ೧೯೨೪ರಲ್ಲಿ, ನಮಗೆ ಕೂಗಳತೆಯಲ್ಲಿರುವ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಪ್ರಾರಂಭವಾಯಿತು. ಇಂಡಿಯಾ ದೇಶದಲ್ಲಿ ಕಲ್ಕತ್ತೆಯ ಅನಂತರ ಈ ಶಾಸ್ತ್ರಕ್ಕೆ ನೆಲೆಯೊದಗಿಸಿದ ಕೀರ್ತಿ ಮೈಸೂರಿನದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಬಿತ್ತರಿಸಿ, ಆಕಾಶವಾಣಿ ಎಂಬ ಹೆಸರು ನಾಡಿನಲ್ಲಿ ನಿಲ್ಲುವಂತೆ ಮಾಡಿದವರೂ ಇವರೇ. ಮನಸ್ಸನ್ನು ಕುರಿತ ಶಾಸ್ತ್ರವು ನಮ್ಮ ಸೀಮೆಗೆ ಹೊರಗಿನದಲ್ಲವೆಂದು ತಿಳಿಸಲು ಇಷ್ಟು ಹೇಳಿದೆನು.

ಎರಿಕನಿಗೆ ಇಪ್ಪತ್ತೈದು ವರ್ಷವಾದಾಗ ಬಾಲ್ಯದ ಗೆಳೆಯನಾದ ಪೀಟರ್ ಬ್ಲಾಸ್ ಎಂಬಾತನಿಂದ ಕರೆ ಬಂತು. ವಿಯೆನ್ನಾ ನಗರದಲ್ಲಿ ಒಂದು ಪುಟ್ಟ ಶಾಲೆ; ಅಲ್ಲಿ ಚಿತ್ರ ಕಲಿಸಲು, ಪಾಠ ಹೇಳಲು ಒಬ್ಬ ಮೇಷ್ಟರು ಬೇಕಾಗಿದ್ದರು. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡರ ಬಳಗಕ್ಕೆ ಸೇರಿದವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿದ್ದರು. ೧೯೨೭ರಲ್ಲಿ ಎರಿಕ್ ಅಲ್ಲಿಗೆ ಹೋದನು. ಈತನು ಮಕ್ಕಳೊಡನೆ ಬೆರೆಯುವ ರೀತಿಯನ್ನು ಕಂಡು ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ ಆತನನ್ನು ತಮ್ಮ ಶಿಷ್ಯನನ್ನಾಗಿ ಸ್ವೀಕರಿಸಿದರು. ಮಾಂಟೆಸೊರಿ ಪದ್ಧತಿಯ ಶಿಕ್ಷಣದಲ್ಲಿಯೂ ಆತನು ಅರ್ಹತಾಪತ್ರ ಪಡೆದನು. ೧೯೩೩ರಲ್ಲಿ ವಿಯೆನ್ನಾ ಮನೋವಿಶ್ಲೇಷಣ ಸಂಸ್ಥೆಯಲ್ಲಿ ತರಬೇತಿ ಮುಗಿಯಿತು. ದಿಕ್ಕುಗೆಟ್ಟಿದ್ದವನಿಗೆ ಕೆಲಸ ಸಿಕ್ಕಿತು, ಗುರು ಸಿಕ್ಕಿದರು. ೧೯೩೦ರಲ್ಲಿ ಕೆನಡಾ ದೇಶದವರೂ ನೃತ್ಯ ಬಲ್ಲವರೂ ಆದ ಜೋನ್ ಸರ್ಸನ್ ಎಂಬವರ ಕೈಹಿಡಿದು ಸಂಸಾರಿಯೂ ಆದನು. ಆತನ ಬರಹಗಳಿಗೆ ಒಪ್ಪವಿಟ್ಟು ತಿದ್ದಿದವರು ಕೊನೆಯವರೆಗೂ ಆಕೆಯೇ.

೧೯೩೩ರಲ್ಲಿ ಜರ್ಮನಿಯು ಹಿಟ್ಲರನ ಕೈಸೇರಿತು. ಬರ್ಲಿನ್ನಿನಲ್ಲಿ ಫ್ರಾಯ್ಡರ ಗ್ರಂಥಗಳನ್ನು ಬೆಂಕಿಗೆ ಹಾಕಿದರು. ಎರಿಕ್ ದಂಪತಿಗಳು ಎಳೆಯ ಮಕ್ಕಳಿಬ್ಬರನ್ನು ಕರೆದುಕೊಂಡು ತಾಯಿಯ ನಾಡಾದ ಡೆನ್ಮಾರ್ಕಿಗೆ ಹೋದರು. ಅಲ್ಲಿ ನೆಲೆಸಲು ಸರ್ಕಾರದ ಒಪ್ಪಿಗೆ ದೊರೆಯದೆ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಬಾಸ್ಟನ್ ನಗರದಲ್ಲಿ ಮಕ್ಕಳ ಮನೋವಿಶ್ಲೇಷಣೆಯನ್ನು ವೃತ್ತಿಯಾಗಿ ಕೈಗೊಂಡವರಲ್ಲಿ ಇವರೇ ಮೊದಲಿಗರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟಿಗೆಂದು ಸೇರಿ ಅದನ್ನೂ ನಡುವೆಯೇ ಬಿಟ್ಟರು. ೧೯೩೬ರಲ್ಲಿ ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋದರು.

ಅಲ್ಲಿದ್ದಾಗ, ೧೯೩೮ರಲ್ಲಿ, ಅವರು ದಕ್ಷಿಣ ಡಕೋಟಾ ಪ್ರಾಂತದ ಸೂ ಎಂಬ ಮೂಲನಿವಾಸಿಗಳ ನಡುವೆ ಹೋಗಿ ಮಕ್ಕಳನ್ನು ಕಂಡರು. ಇದು ಅವರ ಜೀವನದ ಮುಖ್ಯ ಘಟ್ಟವೆಂದು ನನ್ನ ಭಾವನೆ. ಸೂ ಜನರ ಪೂರ್ವಿಕರು ಕಾಡೆಮ್ಮೆಗಳನ್ನು ಬೇಟೆಯಾಡಿ ಬದುಕಿದವರು. ಕಾಡೆಮ್ಮೆಗಳು ಅಳಿದವು, ಬಯಲು ಪರರ ಪಾಲಾಯಿತು. ಸರ್ಕಾರದ ಶಾಲೆಗಳಲ್ಲಿ ಮೇಷ್ಟರು ಒಂದು ರೀತಿಯ ಬಾಳನ್ನು ಕಲಿಸುತ್ತಿದ್ದರು. ಮನೆಗೆ ಬಂದರೆ ಅಜ್ಜಿ ಇನ್ನೊಂದು ರೀತಿಯ ಬಾಳನ್ನು ಹೇಳುತ್ತಿದ್ದಳು. ಮಕ್ಕಳು ಶಾಲೆಯಲ್ಲಿ ತುಂಟತನವನ್ನೂ ಮಾಡುತ್ತಿರಲಿಲ್ಲ, ಉತ್ಸಾಹವನ್ನೂ ತೋರುತ್ತಿರಲಿಲ್ಲ, ಸುಮ್ಮನೆ ಕುಳಿತಿರುತ್ತಿದ್ದರು. ಮೇಷ್ಟರುಗಳು ಇದನ್ನು ಸೋಮಾರಿತನವೆಂದು ತಿಳಿದಿದ್ದರು. ಎರಿಕರ ಕಣ್ಣಿಗೆ ಬೇರೆಯೇ ಕಂಡಿತು. ತಮ್ಮ ಹಿರಿಯರ ಬಾಳು ಮುಗಿದುಹೋಗಿದೆ, ಹೊಸ ಬಾಳಿನಲ್ಲಿ ತಮಗೆ ಎಡೆಯಿಲ್ಲ ಎಂಬ ತಿಳಿವಳಿಕೆಯೇ ಆ ಮಕ್ಕಳನ್ನು ಮಂಕುಗೊಳಿಸಿತ್ತು. ಮನಸ್ಸಿನ ವ್ಯಾಧಿಗೆ ಮನೆಯೊಳಗಿನ ಕಾರಣಗಳನ್ನಷ್ಟೇ ಹುಡುಕಿದರೆ ಸಾಲದು, ಸಮಾಜದ ಚರಿತ್ರೆಯನ್ನೂ ನೋಡಬೇಕು ಎಂಬುದು ಅವರಿಗೆ ಇಲ್ಲಿ ಮನವರಿಕೆಯಾಯಿತು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಮೀನು ಹಿಡಿದು ಬಾಳುವ ಯೂರಾಕ್ ಎಂಬ ಜನರ ನಡುವೆಯೂ ಅವರು ಇದೇ ಬಗೆಯ ಅಧ್ಯಯನ ನಡೆಸಿದರು.

೧೯೩೯ರಲ್ಲಿ ಅಮೆರಿಕದ ಪೌರತ್ವ ದೊರೆಯಿತು. ಆಗ ಅವರು ತಮ್ಮ ಹೆಸರನ್ನು ಬದಲಾಯಿಸಿಕೊಂಡರು. ಸಾಕುತಂದೆಯ ಹೆಸರನ್ನು ನಡುವೆ ಉಳಿಸಿಕೊಂಡು ಎರಿಕ್ಸನ್ ಎಂದು ಸೇರಿಸಿಕೊಂಡರು. ಎರಿಕ್ಸನ್ ಎಂದರೆ ಎರಿಕನ ಮಗ ಎಂದರ್ಥ. ಯಾರ ಮಗ ಎಂಬ ಪ್ರಶ್ನೆಗೆ ತನ್ನದೇ ಮಗನೆಂದು ಉತ್ತರ ಕೊಟ್ಟಂತಾಯಿತು. ಇದನ್ನು ಅಹಂಕಾರವೆಂದು ಟೀಕಿಸಿದವರೂ ಇದ್ದಾರೆ. ಆದರೆ ಹೆಸರು ಬದಲಾಗುವುದು ನಮಗೆ ಹೊಸದೇನಲ್ಲ. ನಮ್ಮ ಪಾಂಡವಪುರವು ಹಿಂದೆ ಹಿರೋಡೆಯಾಗಿತ್ತು, ಟಿಪ್ಪುವಿನ ಕಾಲದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಯಿತು, ಅನಂತರ ಪಾಂಡವಪುರವಾಯಿತು. ಕೃಷ್ಣರಾಜಪೇಟೆಯು ಹಿಂದಿನ ಅತ್ತಿಗುಪ್ಪೆ. ಹೆಸರು ಬದಲಾದರೂ ಕೆರೆ, ಬಂಡೆ, ಜನ ಅವೇ ಇವೆ. ಹಳೆಯದನ್ನು ಒಳಗಿಟ್ಟುಕೊಂಡೇ ಹೊಸದಾಗುವುದು ಊರಿಗೆ ಸಾಧ್ಯವಾದರೆ ಮನುಷ್ಯನಿಗೂ ಸಾಧ್ಯ. ಎರಿಕ್ಸನ್ನರು ತನ್ನತನವೆಂದು ಕರೆದದ್ದು ಇದನ್ನೇ: ಎಷ್ಟು ಬದಲಾದರೂ ನಾನು ನಾನೇ ಎಂಬ ಒಳಗಿನ ಭರವಸೆ, ಮತ್ತು ಹೊರಗಿನವರೂ ತನ್ನನ್ನು ಹಾಗೆಯೇ ಗುರುತಿಸುವರೆಂಬ ನಂಬಿಕೆ. ಇಂದಿನ ವಿದ್ವಾಂಸರು ಅಸ್ಮಿತೆ ಎನ್ನುವುದು ಇದಕ್ಕೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಣರಂಗದಿಂದ ಹಿಂತಿರುಗಿದ ಸಿಪಾಯಿಗಳಿಗೆ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಅವರು ಚಿಕಿತ್ಸೆ ನೀಡಿದರು. ಆ ಸಿಪಾಯಿಗಳಿಗೆ ತಮ್ಮ ಹೆಸರು, ಊರು ಎಲ್ಲವೂ ನೆನಪಿದ್ದವು. ಆದರೆ ಯುದ್ಧಕ್ಕೆ ಮುಂಚಿನ ತಾನು ಮತ್ತು ಈಗಿನ ತಾನು ಒಬ್ಬನೇ ಎಂಬ ಭಾವ ಮಾತ್ರ ಕಡಿದುಹೋಗಿತ್ತು. ಈ ಸ್ಥಿತಿಗೆ ಅವರು ತನ್ನತನದ ಬಿಕ್ಕಟ್ಟು ಎಂಬ ಅರ್ಥದ ಐಡೆಂಟಿಟಿ ಕ್ರೈಸಿಸ್ ಎಂಬ ಮಾತನ್ನು ಬಳಸಿದರು. ಯುದ್ಧವಿಲ್ಲದೆಯೂ ಇದೇ ಬಿಕ್ಕಟ್ಟು ಹದಿಹರೆಯದ ಹುಡುಗ ಹುಡುಗಿಯರಲ್ಲಿ ತಲೆದೋರುವುದನ್ನು ಅವರು ಮುಂದೆ ಕಂಡರು. ವ್ಯತ್ಯಾಸವಿಷ್ಟೇ: ಸಿಪಾಯಿಗೆ ಅದು ಗಾಯ, ಹರೆಯಕ್ಕೆ ಅದು ಬೆಳವಣಿಗೆಯ ನೋವು.

೧೯೫೦ರಲ್ಲಿ ಅವರ ಬಾಲ್ಯ ಮತ್ತು ಸಮಾಜ ಎಂಬ ಗ್ರಂಥವು ಪ್ರಕಟವಾಯಿತು. ಮನುಷ್ಯನ ಆಯುಸ್ಸನ್ನು ಅವರು ಅದರಲ್ಲಿ ಎಂಟು ಘಟ್ಟಗಳಾಗಿ ವಿಂಗಡಿಸಿದರು. ಮನಸ್ಸಿನ ಬೆಳವಣಿಗೆ ಬಾಲ್ಯದಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆಂದು ಫ್ರಾಯ್ಡರ ಮತ. ಸಾಯುವವರೆಗೂ ಮನುಷ್ಯನು ಬೆಳೆಯುತ್ತಲೇ ಇರುತ್ತಾನೆಂಬುದು ಎರಿಕ್ಸನ್ನರ ಮತ. ಕೈಗೂಸು ತಾಯಿಯ ಮಡಿಲಲ್ಲಿ ಲೋಕವನ್ನು ನಂಬಲು ಕಲಿಯುವುದು ಮೊದಲನೆಯ ಘಟ್ಟ. ತನ್ನ ಕಾಲ ಮೇಲೆ ನಿಲ್ಲುವುದು, ತಾನಾಗಿ ಒಂದನ್ನು ಆರಂಭಿಸುವುದು, ದುಡಿಮೆಯನ್ನು ಕಲಿಯುವುದು ಅನಂತರದವು. ಐದನೆಯದೇ ಹದಿಹರೆಯ, ತಾನು ಯಾರೆಂದು ಕಂಡುಕೊಳ್ಳುವ ಕಾಲ. ಅದು ದಕ್ಕಿದ ಮೇಲೆಯೇ ಇನ್ನೊಬ್ಬರನ್ನು ಮನಸಾರೆ ಪ್ರೀತಿಸುವುದು, ಮುಂದಿನ ಪೀಳಿಗೆಯನ್ನು ಪೋಷಿಸುವುದು, ಕೊನೆಯಲ್ಲಿ ಬಾಳಿದ ಬಾಳನ್ನು ಸಮಾಧಾನದಿಂದ ಒಪ್ಪಿಕೊಳ್ಳುವುದು. ಒಂದೊಂದು ಘಟ್ಟದಲ್ಲಿಯೂ ಗೆಲವು ಸೋಲುಗಳ ಎಳೆದಾಟವುಂಟು. ಆದರೆ ಒಮ್ಮೆ ಸೋತದ್ದನ್ನು ಮುಂದೆ ಸರಿಪಡಿಸಿಕೊಳ್ಳಲು ಬಾರದೆಂದು ಅವರು ಎಲ್ಲಿಯೂ ಹೇಳಲಿಲ್ಲ.

ಹದಿಹರೆಯವನ್ನು ವಿವರಿಸಲು ಅವರು ಆರಿಸಿಕೊಂಡ ಒಂದು ಪದವು ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ವ್ಯವಹಾರದ್ದು. ಸಾಲಗಾರನಿಗೆ ತೀರಿಸಲು ಕೊಡುವ ವಾಯಿದೆಗೆ ಇಂಗ್ಲಿಷಿನಲ್ಲಿ ಮೊರಟೋರಿಯಂ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷ ಸಹಕಾರ ಸಂಘದ ಸಾಲದ ವಸೂಲಿಯನ್ನು ಮುಂದಕ್ಕೆ ಹಾಕುತ್ತಾರಲ್ಲವೇ? ಅದು ಸಾಲ ಮನ್ನಾ ಅಲ್ಲ. ತೀರಿಸುವುದು ಇದ್ದೇ ಇದೆ. ಆದರೆ ತೀರಿಸಲು ಶಕ್ತಿ ಬರುವವರೆಗೆ ಕಾಲಾವಕಾಶ ಕೊಡುತ್ತಾರೆ. ತರುಣರಿಗೂ ಸಮಾಜವು ಇಂಥದೊಂದು ವಾಯಿದೆಯನ್ನು ಕೊಡಬೇಕೆಂದು ಎರಿಕ್ಸನ್ನರ ವಾದ. ಆ ಅವಧಿಯಲ್ಲಿ ಅವರು ಒಂದನ್ನು ಹಿಡಿದು ಬಿಡಬಹುದು, ಇನ್ನೊಂದನ್ನು ಪರೀಕ್ಷಿಸಬಹುದು, ಎಡವಬಹುದು. ಹಾಗೆ ಎಡವಿದ್ದನ್ನೇ ಅವರ ಹಣೆಬರಹವೆಂದು ಹಿರಿಯರು ಬರೆದಿಡಬಾರದು. ಹದಿನಾರು ವರ್ಷದವನನ್ನು ಊರೆಲ್ಲ ಸೇರಿ ಕೆಟ್ಟವನೆಂದು ಕರೆದರೆ, ಯಾವುದೂ ಅಲ್ಲದವನಾಗಿರುವುದಕ್ಕಿಂತ ಕೆಟ್ಟವನಾಗಿರುವುದೇ ಮೇಲೆಂದು ಅವನು ಆ ಹೆಸರನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವನು ಎಂದು ಅವರು ಎಚ್ಚರಿಸಿದರು. ಇದು ಪುಸ್ತಕದ ಮಾತಷ್ಟೇ ಅಲ್ಲ, ಅಲೆದಾಡಿದ ಅವರ ಸ್ವಂತ ಬಾಳಿನಿಂದ ಬಂದ ಮಾತು.

ಅದೇ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಕಮ್ಯೂನಿಸ್ಟರ ಮೇಲಣ ಭಯದಿಂದ ಅಧ್ಯಾಪಕರೆಲ್ಲರೂ ನಿಷ್ಠೆಯ ಪ್ರತಿಜ್ಞಾಪತ್ರಕ್ಕೆ ಸಹಿಹಾಕಬೇಕೆಂದು ವಿಧಿಸಿತು. ಎರಿಕ್ಸನ್ನರು ಇದನ್ನು ಪ್ರತಿಭಟಿಸಿದರು, ಕೊನೆಗೆ ಆ ಹುದ್ದೆಯನ್ನು ಬಿಟ್ಟು ನಡೆದರು. ೧೯೫೧ರಿಂದ ಸುಮಾರು ಹತ್ತು ವರ್ಷ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟಾಕ್‌ಬ್ರಿಜ್ ಎಂಬ ಸಣ್ಣ ಊರಿನ ಆಸ್ಟನ್ ರಿಗ್ಸ್ ಚಿಕಿತ್ಸಾಲಯದಲ್ಲಿ ಮನಸ್ಸು ಕದಡಿದ ತರುಣ ತರುಣಿಯರ ಶುಶ್ರೂಷೆಯಲ್ಲಿ ತೊಡಗಿದರು. ಅದೇ ಅವಧಿಯಲ್ಲಿ, ೧೯೫೪ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಅದು ೧೯೭೪ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ೧೯೬೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಎರಿಕ್ಸನ್ನರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಬಿ.ಎ. ಪದವಿಯೂ ಇಲ್ಲದವರು ಜಗತ್ತಿನ ಹೆಸರಾಂತ ವಿದ್ಯಾಲಯದಲ್ಲಿ ಹತ್ತು ವರ್ಷ ಪಾಠ ಹೇಳಿದರು. ಇದರಿಂದ ಪದವಿ ಬೇಡವೆಂದು ನಾವು ತಿಳಿಯುವ ಹಾಗಿಲ್ಲ. ಅಲೆದಾಡಿ ಬೇಸತ್ತಾಗ ಹಿಂತಿರುಗಲು ಅವರಿಗೆ ವೈದ್ಯರೊಬ್ಬರ ಸ್ಥಿತಿವಂತ ಮನೆಯಿತ್ತು. ನಮ್ಮಲ್ಲಿ ಅನೇಕರಿಗೆ ಆ ಪದವಿಯೇ ಮನೆಗೆ ಹಾಕುವ ಮೊದಲ ಕಂಬ.

ಭಾರತದೊಡನೆ ಅವರ ನಂಟು ೧೯೬೨ರಲ್ಲಿ ಬೆಳೆಯಿತು. ಅಹಮದಾಬಾದಿನ ವಿಚಾರಗೋಷ್ಠಿಯೊಂದಕ್ಕೆ ಬಂದ ಅವರು ೧೯೧೮ರಲ್ಲಿ ಅಲ್ಲಿ ನಡೆದ ಗಿರಣಿ ಕಾರ್ಮಿಕರ ಮುಷ್ಕರದ ಕಥೆಯಲ್ಲಿ ಮನಸ್ಸಿಟ್ಟರು. ಗಾಂಧೀಜಿಯವರು ಶೇಕಡಾ ೩೫ರಷ್ಟು ಕೂಲಿ ಹೆಚ್ಚಳಕ್ಕಾಗಿ ಉಪವಾಸ ಕುಳಿತ ಸಂದರ್ಭವದು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತವರು ಅವರ ಅಕ್ಕ ಅನಸೂಯಾ ಬೆನ್. ಇದನ್ನು ಕುರಿತು ಎರಿಕ್ಸನ್ನರು ಬರೆದ ಗಾಂಧಿಯ ಸತ್ಯ ಎಂಬ ಗ್ರಂಥವು ೧೯೬೯ರಲ್ಲಿ ಹೊರಬಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆಯಿತು. ಅದಕ್ಕೂ ಮುಂಚೆ ೧೯೫೮ರಲ್ಲಿ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರನ ತಾರುಣ್ಯವನ್ನು ಕುರಿತು ಅವರು ಬರೆದಿದ್ದರು. ಮಹಾಪುರುಷರು ಹುಟ್ಟುತ್ತಲೇ ಮಹಾಪುರುಷರಲ್ಲವೆಂಬುದನ್ನು ಈ ಎರಡು ಗ್ರಂಥಗಳೂ ತೋರಿಸುತ್ತವೆ. ಹದಿಮೂರನೆಯ ವಯಸ್ಸಿಗೆ ಮದುವೆಯಾದ, ಕದ್ದು ಮಾಂಸ ತಿಂದ, ಕಡಗದ ಚಿನ್ನ ಕದ್ದು ಪಶ್ಚಾತ್ತಾಪಪಟ್ಟ, ಸೀಮೆಗೆ ಹೋದದ್ದಕ್ಕೆ ಜಾತಿಯಿಂದ ಹೊರಗಾದ, ಲಂಡನ್ನಿನಲ್ಲಿ ಪಿಟೀಲನ್ನೂ ನೃತ್ಯವನ್ನೂ ಕಲಿಯಲು ಹೋಗಿ ಕೈಬಿಟ್ಟ ತರುಣ ಮೋಹನದಾಸನು ಒಂದಾದ ಮೇಲೊಂದು ವೇಷವನ್ನು ತೊಟ್ಟು ನೋಡುತ್ತಿದ್ದ ನಮ್ಮಂಥವನೇ. ಎರಿಕ್ಸನ್ನರದು ಕುರುಡು ಭಕ್ತಿಯಲ್ಲ. ಗ್ರಂಥದ ನಡುವೆ ಗತಿಸಿದ ಗಾಂಧೀಜಿಯವರನ್ನೇ ಸಂಬೋಧಿಸಿ, ಕಸ್ತೂರಬಾ ಅವರ ಮತ್ತು ಆಶ್ರಮದ ಎಳೆಯರ ವಿಷಯದಲ್ಲಿ ಅವರು ತೋರಿದ ಕಾಠಿಣ್ಯವನ್ನು ಪ್ರಶ್ನಿಸಿದ್ದಾರೆ.

ಅದೇ ಪ್ರಶ್ನೆಯನ್ನು ಎರಿಕ್ಸನ್ನರಿಗೂ ಕೇಳಬೇಕಾಗುತ್ತದೆ. ೧೯೪೪ರಲ್ಲಿ ಅವರಿಗೆ ನೀಲ್ ಎಂಬ ಮಗ ಹುಟ್ಟಿದನು. ಮಗುವಿಗೆ ಡೌನ್ ಸಿಂಡ್ರೋಮ್ ಇದ್ದಿತು. ಆ ಕಾಲದ ವೈದ್ಯರ ಸಲಹೆಯಂತೆ ಮಗುವನ್ನು ಒಂದು ಪೋಷಣಾಲಯಕ್ಕೆ ಸೇರಿಸಿ, ಮಗು ತೀರಿಹೋಯಿತೆಂದು ಉಳಿದ ಮಕ್ಕಳಿಗೆ ಹೇಳಿದರು. ನೀಲ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಯಿಂದ ದೂರವೇ ಬದುಕಿ ಸತ್ತನು. ಹುಟ್ಟಿನ ಗುಟ್ಟನ್ನು ಮುಚ್ಚಿಟ್ಟದ್ದರಿಂದ ತಾನೇ ನೊಂದವರು ತಮ್ಮ ಮನೆಯಲ್ಲಿ ಇನ್ನೊಂದು ಗುಟ್ಟನ್ನು ಮುಚ್ಚಿಟ್ಟರು. ಲೋಕದ ಮಕ್ಕಳ ಮನಸ್ಸನ್ನು ಬಲ್ಲವರಿಗೂ ಮನೆಯ ದುಃಖ ದೊಡ್ಡದು. ಇನ್ನು, ಅವರ ಘಟ್ಟಗಳು ಗಂಡುಮಕ್ಕಳ ಬಾಳನ್ನೇ ಅಳತೆಗೋಲಾಗಿ ಹಿಡಿದಿವೆಯೆಂದು, ಹಾರ್ವರ್ಡಿನಲ್ಲಿ ಅವರೊಡನೆ ಪಾಠ ಹೇಳಿದ್ದ ಕ್ಯಾರಲ್ ಗಿಲ್ಲಿಗನ್ ೧೯೮೨ರಲ್ಲಿ ಆಕ್ಷೇಪವೆತ್ತಿದರು. ನಮ್ಮ ತರಗತಿಯ ಹೆಣ್ಣುಮಕ್ಕಳು ಈ ಆಕ್ಷೇಪವನ್ನು ಸುಲಭವಾಗಿ ಒಪ್ಪುವರೆಂದು ನನಗೆ ತೋರುತ್ತದೆ. ಪರೀಕ್ಷೆ ಮುಗಿಯುವುದರೊಳಗೆ ಗಂಡು ನೋಡುವ ಮನೆಯಲ್ಲಿ ತಾನು ಯಾರೆಂದು ಹುಡುಕಿಕೊಳ್ಳುವ ವಾಯಿದೆ ಎಲ್ಲಿಂದ ಬರಬೇಕು?

ಎರಿಕ್ಸನ್ನರ ಬೀಜವು ಇತರರ ಹೊಲದಲ್ಲಿಯೂ ಬೆಳೆಯಿತು. ಅವರ ಸಹಾಯಕರಾಗಿದ್ದ ಸುಧೀರ್ ಕಾಕರರು ಭಾರತೀಯರ ಬಾಲ್ಯವನ್ನು ಕುರಿತು ೧೯೭೮ರಲ್ಲಿ ಪ್ರಸಿದ್ಧ ಗ್ರಂಥವನ್ನು ಬರೆದರು. ಜೇಮ್ಸ್ ಮಾರ್ಸಿಯಾ ಎಂಬ ವಿದ್ವಾಂಸರು ೧೯೬೬ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಸಂದರ್ಶಿಸಿ ನಾಲ್ಕು ಬಗೆಯವರನ್ನು 
ಗುರುತಿಸಿದರು. ಏನನ್ನೂ ಹುಡುಕದೆ, ಯಾವುದಕ್ಕೂ ಅಂಟಿಕೊಳ್ಳದೆ ತೇಲುವವರು ಮೊದಲನೆಯವರು. ತಾವು ಯೋಚಿಸದೆಯೇ ಹಿರಿಯರು ಗೊತ್ತುಮಾಡಿದ ದಾರಿಯನ್ನು ಹಿಡಿದವರು ಎರಡನೆಯವರು. ಇನ್ನೂ ಹುಡುಕುತ್ತಾ ತೊಳಲುತ್ತಿರುವವರು ಮೂರನೆಯವರು. ಹುಡುಕಿ, ತೊಳಲಿ, ಕೊನೆಗೆ ಒಂದನ್ನು ತಮ್ಮದೆಂದು ಒಪ್ಪಿಕೊಂಡವರು ನಾಲ್ಕನೆಯವರು. ಇದನ್ನು ಓದಿದ ಮೇಲೆ ನಮ್ಮ ಹಾಸ್ಟೆಲಿನ ಒಂದೊಂದು ಕೋಣೆಯಲ್ಲಿಯೂ ಈ ನಾಲ್ವರೂ ಕುಳಿತಿರುವಂತೆ ನನಗೆ ಕಂಡಿತು. ಒಬ್ಬನೇ ಒಂದು ವಿಷಯದಲ್ಲಿ ಎರಡನೆಯವನೂ ಮತ್ತೊಂದರಲ್ಲಿ ಮೂರನೆಯವನೂ ಆಗಿರುವುದುಂಟು: ಕೆಲಸದ ಮಾತಿಗೆ ಅಪ್ಪ ಹೇಳಿದ್ದೇ ಸರಿ, ಮದುವೆಯ ಮಾತಿಗೆ ಮಾತ್ರ ತೊಳಲಾಟ.

ಈಗ, ಈ ಜೀವನಚರಿತ್ರೆಯನ್ನು ಬರೆಯಲು ಕಾರಣವೇನೆಂಬುದನ್ನು ಹೇಳುತ್ತೇನೆ. ನಮ್ಮ ತಾತ ಹನ್ನೆರಡನೆಯ ವಯಸ್ಸಿಗೆ ನೇಗಿಲಿನ ಮೇಳಿ ಹಿಡಿದರು. ಅಜ್ಜಿ ಹದಿಮೂರಕ್ಕೆ ಗಂಡನ ಮನೆ ಸೇರಿದರು. ಅಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟು ಆಲೆಮನೆಯ ಕೆಲಸಕ್ಕೆ ಹೋದರು. ಅವರೆಲ್ಲ ಮಕ್ಕಳಾಗಿದ್ದವರು ಒಂದೇ ಸಲಕ್ಕೆ ದೊಡ್ಡವರಾದರು. ನಡುವೆ ಹದಿಹರೆಯವೆಂಬ ಕೋಣೆಯೇ ಅವರಿಗೆ ಇರಲಿಲ್ಲ. ಶಾಸ್ತ್ರಗಳಲ್ಲಿ ಬ್ರಹ್ಮಚರ್ಯಾಶ್ರಮವೆಂಬ ಕಲಿಕೆಯ ಕಾಲವೊಂದನ್ನು ಹೇಳಿದೆ, ನಿಜ. ಎರಿಕ್ಸನ್ನರೂ ಅದನ್ನು ಗಮನಿಸಿದ್ದರು. ಆದರೆ ಉಳುವವರ, ಕೂಲಿಯವರ ಮಕ್ಕಳಿಗೆ ಮತ್ತು ಹೆಣ್ಣುಮಕ್ಕಳಿಗೆ ಅದು ಎಂದೂ ಸಲ್ಲಲಿಲ್ಲ. ಇಂದು ಸರ್ಕಾರದ ಶಾಲೆ ಕಾಲೇಜುಗಳು ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ, ನಾಲೆಯ ನೀರು ಹರಿಯುವ ಗದ್ದೆಬಯಲಿನಲ್ಲಿಯೂ ನಾಗಮಂಗಲದ ರಾಗಿ ಹೊಲಗಳ ಅಂಚಿನಲ್ಲಿಯೂ, ಆ ಕೋಣೆಯನ್ನು ಕಟ್ಟಿಕೊಟ್ಟಿವೆ. ಕುಟುಂಬದಲ್ಲಿ ಮೊದಲ ಬಾರಿಗೆ ಅದರೊಳಗೆ ಕಾಲಿಟ್ಟವರು ನಾವು. ಅಲ್ಲಿ ಏನಾಗುತ್ತದೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿಲ್ಲ, ಏಕೆಂದರೆ ಅವರಾರೂ ಅದನ್ನು ಹೊಕ್ಕವರಲ್ಲ. ನಮ್ಮ ತಳಮಳವನ್ನು ಕಂಡು ಅವರು, ಉಣ್ಣಲು ಉಡಲು ಇದ್ದರೂ ಇವನಿಗೇನು ಬಂತು ಎಂದುಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅವರೇ ತಮ್ಮ ದುಡಿಮೆಯಿಂದ ನಮಗೆ ವಾಯಿದೆ ಕೊಂಡುಕೊಟ್ಟವರು. ಹಾಗೆಂದು ನಮ್ಮ ತಳಮಳವೂ ಸೋಮಾರಿತನವಲ್ಲ. ಸೂ ಮಕ್ಕಳ ಮೌನವನ್ನು ಅವರ ಮೇಷ್ಟರುಗಳು ತಿಳಿದಂತೆ ನಮ್ಮದನ್ನೂ ಯಾರೂ ತಿಳಿಯಬಾರದು.

ಈ ಮಾತು ಹಗುರವಾದುದಲ್ಲ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶಗಳು ಬಂದ ವಾರ ಪತ್ರಿಕೆಗಳಲ್ಲಿ ಬರುವ ದುಃಖದ ಸುದ್ದಿಗಳನ್ನು ನಾವೆಲ್ಲರೂ ಓದಿದ್ದೇವೆ. ಒಂದು ವಿಷಯದಲ್ಲಿ ನಪಾಸಾದ ಹುಡುಗನಿಗೆ ತನ್ನ ಬಾಳೇ ನಪಾಸಾಯಿತೆಂದು ತೋರುತ್ತದೆ. ವಾಯಿದೆ ಮುಗಿದಿಲ್ಲವೆಂದು ಅವನಿಗೆ ಹೇಳುವವರು ಆ ಹೊತ್ತಿನಲ್ಲಿ ಬಳಿಯಲ್ಲಿರಬೇಕು. ಮನಸ್ಸಿಗೆ ಹುಷಾರಿಲ್ಲದಿರುವುದು ಜ್ವರ ಬಂದಷ್ಟೇ ಸಹಜ. ಅದಕ್ಕೆ ದೇವರ ಮೊರೆಹೋಗುವುದರ ಜೊತೆಗೆ ವೈದ್ಯರನ್ನೂ ಕಾಣಬಹುದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಾಗಲಿ ಇರುಳಾಗಲಿ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ನಮ್ಮ ಪ್ರಕಟಣಾ ಫಲಕದಲ್ಲಿ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿಯೇ ಬರೆಸಬೇಕೆಂದು ಪೂಜ್ಯ ಅಧ್ಯಾಪಕರಲ್ಲಿ ವಿನಂತಿಸುತ್ತೇನೆ.

ಎರಿಕ್ಸನ್ನರು ೧೯೯೪ನೆಯ ಇಸವಿ ಮೇ ೧೨ರಂದು ಹಾರ್ವಿಚ್ ಎಂಬ ಊರಿನಲ್ಲಿ ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ ಕಾಲವಾದರು. ಎಂಟು ಘಟ್ಟಗಳ ಮುಂದೆ ಅತಿ ವೃದ್ಧಾಪ್ಯದ ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿ ಅವರ ಗ್ರಂಥವೊಂದನ್ನು ವಿಸ್ತರಿಸಿದವರು ಪತ್ನಿ ಜೋನ್. ಆಕೆ ೧೯೯೭ರಲ್ಲಿ ತೀರಿಕೊಂಡರು. ತಂದೆ ಯಾರೆಂಬ ಪ್ರಶ್ನೆಗೆ ಎರಿಕ್ಸನ್ನರಿಗೆ ಕೊನೆಗೂ ಉತ್ತರ ಸಿಗಲಿಲ್ಲ. ಆ ಉತ್ತರವಿಲ್ಲದೆಯೂ ಅವರು ತಾವು ಯಾರೆಂಬುದನ್ನು ಕಂಡುಕೊಂಡರು. ಅದಕ್ಕೆ ಅವರಿಗೆ ಬೇಕಾದದ್ದು ಒಂದಿಷ್ಟು ಕಾಲ, ಕರೆದು ಕೆಲಸ ಕೊಟ್ಟ ಒಬ್ಬ ಗೆಳೆಯ, ನಂಬಿದ ಒಬ್ಬ ಗುರು. ಗೆಳೆಯರೇ, ನಮ್ಮ ಪಕ್ಕದ ಬೆಂಚಿನಲ್ಲಿ ಯಾರಾದರೂ ಕೆಲವು ದಿನಗಳಿಂದ ಮಾತು ಬಿಟ್ಟು ಕುಳಿತಿದ್ದರೆ, ಪೀಟರ್ ಬ್ಲಾಸ್ ಮಾಡಿದ ಕೆಲಸವನ್ನು ಮಾಡಲು ನಮಗಾರಿಗೂ ಯಾವ ಪದವಿಯೂ ಬೇಕಾಗಿಲ್ಲ.